ಗೋಡೆಯೊಳಗಿನ ನಾಲ್ಕು

ಪುಸ್ತಕ ಚೀಲದಲ್ಲಿದೆಯೇ ಎಂದು ಅವಳು ನೋಡಿಕೊಂಡದ್ದು ಅದು ಐದನೆಯ ಸಲ. ಇತ್ತು. ಐದು ನಿಮಿಷದ ಹಿಂದೆಯೂ ಇತ್ತು, ಎದ್ದು ಹೋಗಲು ಅದಕ್ಕೇನು ಕಾಲಿದೆಯೇ. ಆದರೂ ಕೈ ಮತ್ತೆ ಮತ್ತೆ ಅತ್ತಲೇ ಹೋಗುತ್ತಿತ್ತು. ಇಪ್ಪತ್ತಾರು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿದವಳು, ಊರಿನ ಅರ್ಧ ಜನರ ಕಿವಿ ಹಿಂಡಿದವಳು, ಐವತ್ತೆರಡನೆಯ ವಯಸ್ಸಿನಲ್ಲಿ ಪರೀಕ್ಷೆಯ ದಿನದ ಹುಡುಗಿಯ ಹಾಗೆ ಅಂಗೈ ಒರೆಸಿಕೊಳ್ಳುತ್ತಿದ್ದಳು. ಹೈಸ್ಕೂಲನ್ನು ಇನ್ನೊಂದು ಹೈಸ್ಕೂಲಿನ ಜೊತೆ ಸೇರಿಸಿದಾಗ ಇವಳಿಗೆ ಉಳಿದದ್ದು ಶಿಶುವಿಹಾರ. ಅಲ್ಲಿ ಖಾಯಂ ಆಗಬೇಕಾದರೆ ಒಂದು ವರ್ಷದ ತರಬೇತಿ, ಪುಟ್ಟ ಮಕ್ಕಳಿಗೆ ದಿನವನ್ನು ಹೇಗೆ ಯೋಜಿಸಬೇಕು ಎಂಬುದನ್ನು ಕಲಿಯುವುದು. ತರಬೇತಿಯ ಮೇಡಂ ಮೂರು ಸಲ ಬಂದು ನೋಡುತ್ತಾರೆ, ಒಂದು ಸಲವಾದರೂ ಸಹಿ ಬೀಳಬೇಕು. ಎರಡು ಸಲ ಬಂದು ಸಹಿ ಹಾಕದೆ ಹೋಗಿದ್ದರು. ಇವತ್ತು ಮೂರನೆಯದು. ಇವತ್ತೂ ಬೀಳದಿದ್ದರೆ ವರ್ಷವೆಲ್ಲ ಮೊದಲಿನಿಂದ, ಮತ್ತು ಪೂರ್ವದ ಬಿಸಿಲು ಬೀಳುವ ಆ ಕೋಣೆ, ಅದರೊಳಗಿನ ಹದಿನೆಂಟು ಮಕ್ಕಳು ಬೇರೆ ಯಾರದೋ ಪಾಲು. ಒಂದು ಕೋಣೆಯನ್ನು ತಾನು ಇಷ್ಟು ಪ್ರೀತಿಸಬಹುದೆಂದು ಅವಳಿಗೆ ಗೊತ್ತೇ ಇರಲಿಲ್ಲ.

“ಆಡೋ ಮಕ್ಕಳಿಗೆ ಎಂಥಾ ಯೋಜನೆನೇ?” ಎಂದರು ಅತ್ತೆ, ಚಹಾದ ಲೋಟದ ಮೇಲಿನಿಂದ. “ಹಕ್ಕಿಗೆ ಹಾರೋಕೆ ಟೈಂಟೇಬಲ್ ಹಾಕ್ಕೊಡ್ತೀಯಾ?”

“ಹಾಗಲ್ಲ ಅತ್ತೆ. ಆಟದೊಳಗೇ ಕಲಿಯೋದು ಇರುತ್ತೆ. ಏನೇನು ಕಲೀಬಹುದು ಅಂತ ನಾವು ಮೊದಲೇ ಯೋಚನೆ ಮಾಡಿಟ್ಟಿರಬೇಕು.” ತರಬೇತಿಯ ಪುಸ್ತಕದ ಮೂರನೆಯ ಪಾಠವನ್ನೇ ಒಪ್ಪಿಸುತ್ತಿದ್ದೇನೆಂದು ಅವಳಿಗೇ ಅನಿಸಿತು.

“ನಿನ್ನ ಗಂಡನ್ನ ನಾನು ಯಾವ ಯೋಜನೆನೂ ಇಲ್ಲದೆ ಬೆಳೆಸ್ದೆ,” ಎಂದ ಅತ್ತೆ, ಹಣೆಯ ಮೇಲೆ ಕನ್ನಡಕ ಇಟ್ಟುಕೊಂಡು ಮನೆಯೆಲ್ಲ ಕನ್ನಡಕ ಹುಡುಕುತ್ತಿದ್ದ ಮಗನನ್ನು ಒಂದು ಗಳಿಗೆ ನೋಡಿದರು. “ಸ್ವಲ್ಪ ಮಾಡಬೇಕಿತ್ತು ಅನ್ಸುತ್ತೆ.”

ನಗುತ್ತಲೇ ಮನೆ ಬಿಟ್ಟರೂ ಮೂಲೆಯ ಔಷಧಿ ಅಂಗಡಿ ದಾಟುವ ಹೊತ್ತಿಗೆ ನಗು ಇಳಿದುಹೋಗಿತ್ತು. ಹೋದ ಸಲ ಮೇಡಂ ಪುಸ್ತಕ ಮುಚ್ಚಿ, ತುಂಬ ಮೆತ್ತಗೆ ಹೇಳಿದ್ದರು: ಯೋಜನೆ ಅಚ್ಚುಕಟ್ಟಾಗಿದೆ ಟೀಚರ್, ಆದ್ರೆ ಇದರಲ್ಲಿ ಮಕ್ಕಳು ಎಲ್ಲಿದ್ದಾರೆ? ಗದರಿದ್ದರೆ ತಡೆದುಕೊಳ್ಳಬಹುದಿತ್ತು, ಗದರುವುದು ಅವಳಿಗೆ ಗೊತ್ತಿದ್ದ ಭಾಷೆ. ಮೂವತ್ತೂ ತುಂಬದ, ತನ್ನ ಹೊಟ್ಟೆಯಲ್ಲಿ ಹುಟ್ಟಿರಬಹುದಾದ ಹುಡುಗಿಯನ್ನು ಮೇಡಂ ಎಂದು ಕರೆದು, ಅವರ ಮುಂದೆ ಕೈಕಟ್ಟಿ ನಿಂತು, ಇವಳು ಕಿಟಕಿಯ ಕಡೆ ನೋಡಿದ್ದಳು. ಅದಕ್ಕೇ ಈ ಸಲ ಮಕ್ಕಳನ್ನು ತುಂಬಿಸಿದ್ದಳು. ಭಾನುವಾರ ಮಧ್ಯಾಹ್ನವೆಲ್ಲ ಕೂತು, ಸ್ಕೇಲಿಟ್ಟು ಗೆರೆ ಎಳೆದು, ಏನು ಮಾಡುತ್ತೇವೆ, ಏನೇನು ಬೇಕು, ಯಾಕೆ ಮಾಡುತ್ತೇವೆ, ಗಮನಿಸಿದ್ದು ಎಂಬ ನಾಲ್ಕು ಅಂಕಣ, ಸೋಮವಾರದಿಂದ ಶುಕ್ರವಾರದವರೆಗೆ ಐದು ಪುಟ, ಇಪ್ಪತ್ತು ಮನೆಗಳಲ್ಲಿ ಒಂದನ್ನೂ ಖಾಲಿ ಬಿಡದೆ ದುಂಡು ಅಕ್ಷರದಲ್ಲಿ ತುಂಬಿದ್ದಳು. ಹೈಸ್ಕೂಲಿನಲ್ಲಿ ವಾರದ ಡೈರಿಯನ್ನು ಹಾಗೇ ಬರೆಯುತ್ತಿದ್ದದ್ದು. ಪೂರ್ತಿ ವಾರದ್ದು ಸೋಮವಾರ ಬೆಳಿಗ್ಗೆ ಹೆಡ್‌ಮಾಸ್ಟರ ಮೇಜಿನ ಮೇಲಿರಬೇಕು, ಖಾಲಿ ಮನೆ ಕಂಡರೆ ಕೆಂಪು ಶಾಯಿಯಲ್ಲಿ ಸುತ್ತು. ಇಪ್ಪತ್ತಾರು ವರ್ಷದಲ್ಲಿ ಅವಳ ಡೈರಿಗೆ ಒಂದು ಸುತ್ತೂ ಬಿದ್ದಿರಲಿಲ್ಲ. ಎದುರಿಗೆ ಬಂದ ಹೆಂಗಸೊಬ್ಬಳು ನಕ್ಕ ಹಾಗಾಯಿತು, ಅವಳೂ ನಕ್ಕಳು, ಯಾರೆಂದು ತಿಳಿಯಲಿಲ್ಲ. ಈ ಊರಿನಲ್ಲಿ ಹದಿನೆಂಟರಿಂದ ನಲವತ್ತರೊಳಗಿನ ಯಾರು ಬೇಕಾದರೂ ತಾನು ಬೆಂಚಿನ ಮೇಲೆ ನಿಲ್ಲಿಸಿದವರಾಗಿರಬಹುದು. ಬ್ಯಾಂಕಿಗೆ ಹೋದರೂ, ದಂತವೈದ್ಯರ ಕುರ್ಚಿಯಲ್ಲಿ ಬಾಯಿ ತೆರೆದು ಕೂತರೂ ಅವಳಿಗೆ ಅದೊಂದು ಭಯ ಇದ್ದೇ ಇರುತ್ತಿತ್ತು.

ಕೋಣೆಗೆ ಬಂದಾಗ ಮೇಡಂ ಆಗಲೇ ಬಂದು, ಮೂಲೆಯ ಕೆಂಪು ಕುರ್ಚಿಯಲ್ಲಿ ಮೊಣಕಾಲು ಗಲ್ಲಕ್ಕೆ ತಾಗುವಂತೆ ಕೂತಿದ್ದರು. ಆ ಕುರ್ಚಿಗಳೆಲ್ಲ ನಾಲ್ಕು ವರ್ಷದವರ ಅಳತೆಯವು. ಪುಸ್ತಕ ಕೊಟ್ಟಳು. ಅವರು ತೆರೆದು ಓದತೊಡಗಿದರು, ಓದುತ್ತ ಒಮ್ಮೆ ತುಟಿ ಕಚ್ಚಿಕೊಂಡರು. ಮೆಚ್ಚುಗೆಯೋ ಬೇರೇನೋ ತಿಳಿಯಲಿಲ್ಲ. ತಿಳಿಯುವಷ್ಟು ಪುರುಸೊತ್ತೂ ಇರಲಿಲ್ಲ, ಹದಿನೆಂಟು ಮಕ್ಕಳನ್ನು ಒಂದು ಕಡೆ ಕೂರಿಸುವುದೆಂದರೆ ಕಪ್ಪೆ ಹಿಡಿದು ತಕ್ಕಡಿಗೆ ಹಾಕುವ ಕೆಲಸ. ಒಬ್ಬನನ್ನು ಕೂರಿಸಿದರೆ ಇಬ್ಬರು ಏಳುತ್ತಾರೆ. ಸೋಮವಾರದ ಯೋಜನೆ ಮುಳುಗುವುದು ಮತ್ತು ತೇಲುವುದು. ಆರು ತೊಟ್ಟಿ, ಗುಂಡಿ, ಚಮಚ, ಬಾಟಲಿಯ ಬಿರಡೆ, ಎಲೆ, ಎಲ್ಲ ಜೋಡಿಸಿಟ್ಟಾಗಿತ್ತು. ಒಳಗಿನ ಬೇಸಿನ್ನಿನ ನಲ್ಲಿ ತಿರುಗಿಸಿದಳು. ನಲ್ಲಿ ಒಮ್ಮೆ ಗೊರಗೊರ ಎಂದು, ಎರಡು ಹನಿ ಉದುರಿಸಿ ಸುಮ್ಮನಾಯಿತು.

“ನಲ್ಲಿಗೆ ಕೆಮ್ಮು ಬಂದಿದೆ,” ಎಂದಳು ಪುಟ್ಟಜ್ಜಿ. ನಾಲ್ಕೂವರೆ ವರ್ಷದವಳು, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಕೋಣೆಯೆಲ್ಲ ತನಿಖೆ ಮಾಡುತ್ತ ಓಡಾಡುವವಳು, ಅದಕ್ಕೇ ಆ ಹೆಸರು.

“ನಲ್ಲಿಗೆ ಗಂಟಲೇ ಇಲ್ಲ, ಕೆಮ್ಮು ಹೆಂಗೆ ಬರುತ್ತೆ?” ಎಂದ ಲಾಯರ್. ಅವನು ಬೆಳಿಗ್ಗೆ ನಮಸ್ಕಾರ ಎಂದರೂ ಯಾಕೆ ಎಂದು ಕೇಳುವ ಹುಡುಗ.

ಎಲ್ಲರೂ ಟೀಚರ ಮುಖ ನೋಡಿದರು, ಮೂಲೆಯಿಂದ ಮೇಡಮ್ಮೂ. ನೀರಿಲ್ಲದ ಆರು ತೊಟ್ಟಿಗಳ ಮುಂದೆ ನಿಂತವಳಿಗೆ ಬೆವರು ಕಿತ್ತುಬಂತು. ಯೋಜನೆಯಲ್ಲಿ ನೀರು ಬಾರದ ಮನೆ ಇರಲಿಲ್ಲ. ಆಫೀಸಿನವರಿಗೆ ಹೇಳಿಕಳಿಸಿ, ಅಲ್ಲಿಯವರೆಗೆ ಹಾಡು ಹೇಳೋಣ ಎಂದಳು, ಯಾರೂ ಹಾಡಲಿಲ್ಲ, ಎಲ್ಲರೂ ಸರದಿಯಂತೆ ನಲ್ಲಿಗೆ ಕಿವಿಯಿಟ್ಟು ಕೆಮ್ಮು ಕೇಳುತ್ತಿದ್ದರು. ಸಾಲಾಗಿ ಬನ್ನಿ ಎಂದು ಗದರಲು ಬಾಯಿ ತೆರೆದವಳು ಮೂಲೆಯ ಕೆಂಪು ಕುರ್ಚಿ ನೆನಪಾಗಿ ಮುಚ್ಚಿದಳು.

ಕಾಲು ಗಂಟೆಯಲ್ಲಿ ನಲ್ಲಿ ರಿಪೇರಿಯವನು ಬಂದ. ನಲವತ್ತರ ಹತ್ತಿರದ ದಪ್ಪ ಮನುಷ್ಯ, ಹೆಗಲಿಗೆ ಉಪಕರಣದ ಚೀಲ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ತಲೆ ಎತ್ತಿದವನು ಹಾಗೇ ನಿಂತ. “ಟೀಚರ್! ನೀವಾ? ಇಲ್ಲಿ?” ಎಂದು ಕೈ ಪ್ಯಾಂಟಿಗೆ ಒರೆಸಿಕೊಂಡು ಮುಗಿದ. ಅವಳಿಗೆ ಹೆಸರಿಗಿಂತ ಮೊದಲು ನೆನಪಿಗೆ ಬಂದದ್ದು ಒಂದು ಮಧ್ಯಾಹ್ನ. ಹತ್ತನೆಯ ತರಗತಿ, ಬೋರ್ಡಿನ ತುಂಬ ಸಮೀಕರಣ, ಕೊನೆಯ ಬೆಂಚಿನಿಂದ ಎದ್ದ ಹುಡುಗ, ಈ ಎಕ್ಸು ಅನ್ನೋದು ಕೊನೆಗೆ ಯಾರ ಮನೇಲಿ ಸಿಗುತ್ತೆ ಟೀಚರ್, ಎಂದಿದ್ದ. ತರಗತಿಯೆಲ್ಲ ಗೊಳ್ಳೆಂದು ನಕ್ಕಿತ್ತು. ನಗು ತನ್ನ ಮೇಲೆ ಎಂದು ಅವಳಿಗೆ ಅನಿಸಿತ್ತು. ಪೋರ್ಷನ್ ಮುಗಿಯೋವರೆಗೆ ಆಚೆನೇ ಇರು, ಎಂದಿದ್ದಳು. ಮಾತಿಗೆ ಹೇಳಿದ್ದು, ಆದರೆ ಮಾರನೆಯ ದಿನವೂ ಹುಡುಗ ಆಚೆಯೇ ನಿಂತ, ಒಳಗೆ ಬಾ ಎನ್ನುವುದು ಅವಳ ಬಾಯಿಗೆ ಬರಲಿಲ್ಲ, ಹಾಗೆ ಒಂದೊಂದೇ ದಿನ ಪೋರ್ಷನ್ ಮುಗಿಯಿತು. ಇದೆಲ್ಲ ಈಗ, ಇವತ್ತು, ಮೇಡಂ ಎದುರಿಗೆ. ಮಕ್ಕಳು ಎಲ್ಲಿದ್ದಾರೆ ಎಂದು ಕೇಳಿದ್ದರಲ್ಲ, ಒಬ್ಬ ಹೊರಗೆ ನಿಂತಿದ್ದ, ಇಗೋ ಬಂದ ಎಂದುಕೊಂಡಳು. ಕುಂಬಳಕಾಯಿ ಕಳ್ಳ ಎಂದವರಿಲ್ಲ, ಇವಳ ಕೈ ಮಾತ್ರ ಆಗಲೇ ಹೆಗಲ ಮೇಲಿತ್ತು.

ಅವನು ಬೇಸಿನ್ನಿನ ಕೆಳಗೆ ಕೆಲಸಕ್ಕೆ ಕೂತ. ಕೂತದ್ದೇ ತಡ, ಹದಿನೆಂಟೂ ಮಕ್ಕಳು ಅವನ ಸುತ್ತ. ಸ್ಪ್ಯಾನರು ಹೊರಬಂದಾಗ ಅಬ್ಬಾ ಎಂದರು, ತಿರುಪು ಸಡಿಲವಾದಾಗ ಚಪ್ಪಾಳೆ ತಟ್ಟಿದರು. ಅವಳಿಗೆ ಎರಡು ಮನಸ್ಸು. ಬನ್ನಿ, ನಾವು ನಮ್ಮ ಕೆಲಸ ಮಾಡೋಣ ಎಂದು ಕರೆಯಬೇಕು, ಆದರೆ ಕರೆದು ಮಾಡಿಸುವ ಕೆಲಸವಾದರೂ ಏನು, ನೀರಿಲ್ಲದೆ ಮುಳುಗುವುದು ತೇಲುವುದೇ? ಕರೆಯದಿದ್ದರೆ ಯೋಜನೆಯಿಲ್ಲದ ಟೀಚರ್, ಕರೆದರೆ ಮಕ್ಕಳಿಲ್ಲದ ಯೋಜನೆ. ಅತ್ತ ದರಿ, ಇತ್ತ ಪುಲಿ. ಕೊನೆಗೆ ತಾನೂ ನೆಲದ ಮೇಲೆ ಮಕ್ಕಳ ಹಿಂದೆ ಕೂತುಬಿಟ್ಟಳು. ಕೂತ ಮೇಲೆ ಕಂಡಿತು, ಅಲ್ಲಿಂದ ನೋಡಿದರೆ ಬೇಸಿನ್ನಿನ ತಳ, ಗೋಡೆಯಿಂದ ಬರುವ ಪೈಪು, ಪೈಪಿನ ತುದಿಯಲ್ಲಿ ನಿಂತ ಒಂದೇ ಒಂದು ಹನಿ, ಎಲ್ಲ ಕಾಣುತ್ತದೆ. ಎಂಟು ತಿಂಗಳಿಂದ ಇದೇ ಕೋಣೆಯಲ್ಲಿದ್ದರೂ ಅವಳು ಅದನ್ನು ನೋಡಿರಲಿಲ್ಲ.

“ನಿಮ್ಮ ಟೀಚರ್ ನನಗೂ ಟೀಚರ್ರೇ,” ಎಂದ ಅವನು ಮಕ್ಕಳಿಗೆ, ಬೇಸಿನ್ನಿನ ಕೆಳಗಿನಿಂದ.

“ಸುಳ್ಳು. ನೀವು ದೊಡ್ಡೋರು,” ಎಂದ ಲಾಯರ್.

“ಆಗ ಚಿಕ್ಕೋನಿದ್ದೆ ಕಣಪ್ಪಾ. ನನ್ನ ಕ್ಲಾಸಿಂದ ಆಚೆ ನಿಲ್ಲಿಸಿದ್ರು. ಹನ್ನೊಂದು ದಿನ.”

ಮಕ್ಕಳು ತಿರುಗಿ ಅವಳನ್ನು ನೋಡಿದರು. ಮೂಲೆಯಲ್ಲಿ ಪುಟ ತಿರುವುತ್ತಿದ್ದ ಸದ್ದು ನಿಂತಿತು. ಹೌದೆಂದು ಅವಳು ತಲೆ ಆಡಿಸಿದಳು.

“ಅದೇ ನನ್ನ ಪುಣ್ಯ,” ಎಂದ ಅವನು, ವಾಷರಿನ ಅಂಚು ಉಜ್ಜುತ್ತ. “ಆಚೆ ಹೊಸ ಟ್ಯಾಂಕಿಗೆ ಪೈಪು ಹಾಕ್ತಿದ್ರು. ಅಲ್ಲೊಬ್ರು ಮುದುಕ್ರು, ಅವರ ಕೈ ನೋಡ್ತಾ ನಿಂತ್ಕೊಂಡಿದ್ದೆ. ಮೂರನೇ ದಿನ ಸ್ಪ್ಯಾನರ್ ಹಿಡ್ಕೋ ಅಂದ್ರು. ಹನ್ನೊಂದನೇ ದಿನಕ್ಕೆ ನಾನೇ ಒಂದು ಜಾಯಿಂಟ್ ಕೂರಿಸ್ದೆ. ಟೀಚರ್, ನೀವೇನಾದ್ರೂ ಮಧ್ಯದಲ್ಲಿ ಒಳಗೆ ಕರೆದಿದ್ರೆ ನನ್ನ ಗತಿ ಏನಾಗ್ತಿತ್ತೋ!” ಎಂದು ಹೊಟ್ಟೆ ಕುಲುಕಿಸಿ ನಕ್ಕ. ನಗು ಮುಗಿದ ಮೇಲೆ, ಇದೂ ಲೆಕ್ಕಕ್ಕೆ ಇರಲಿ ಎನ್ನುವಂತೆ, “ಮೊದಲ್ನೇ ದಿನ ಮಾತ್ರ ಅಳು ಬಂದಿತ್ತು,” ಎಂದ.

“ಬರುತ್ತೆ ಮತ್ತೆ,” ಎಂದಳು ಪುಟ್ಟಜ್ಜಿ, ಅವನ ಬೆನ್ನು ಸವರಿ.

ಅವಳಿಗೆ ನಗು ಬಂತು, ಅದರ ಹಿಂದೆಯೇ ಕಣ್ಣಲ್ಲಿ ನೀರು ಬಂತು. ಹನ್ನೊಂದು ದಿನ ಅವಳು ಒಳಗೆ ಬೋರ್ಡಿಗೆ ಮುಖ ಮಾಡಿ ಪೋರ್ಷನ್ ಮುಗಿಸುತ್ತಿದ್ದಾಗ ಶಾಲೆಯ ಅತ್ಯುತ್ತಮ ಪಾಠ ಅವಳ ಬಾಗಿಲಿನ ಆಚೆ ನಡೆಯುತ್ತಿತ್ತು. ನಾಚಿಕೆಯಾಯಿತು, ಮತ್ತು ವಿಚಿತ್ರವೆಂದರೆ ನಾಚಿಕೆಯ ಅಡಿಯಲ್ಲಿ ಒಂದು ಹಗುರವೂ ಇತ್ತು, ಇಪ್ಪತ್ತು ವರ್ಷದಿಂದ ಎತ್ತಿಕೊಂಡಿದ್ದ ಮೂಟೆಯನ್ನು ಅದರ ಯಜಮಾನನೇ ಬಂದು ಇಳಿಸಿಕೊಂಡ ಹಾಗೆ. “ತಪ್ಪಾಯ್ತಪ್ಪಾ,” ಎಂದಳು, ಹದಿನೆಂಟು ಮಕ್ಕಳ ಎದುರಿಗೆ, ಮೇಡಂ ಎದುರಿಗೆ. “ಅಯ್ಯೋ ಬಿಡಿ ಟೀಚರ್,” ಎಂದ ಅವನು, ಮತ್ತೆ ಬೇಸಿನ್ನಿನ ಕೆಳಗೆ ತಲೆ ತೂರಿಸಿದ.

ನಲ್ಲಿಯಲ್ಲಿ ತೊಂದರೆ ಇರಲಿಲ್ಲ. ಪೈಪಿನಲ್ಲೇ ಎಲ್ಲೋ ಕಟ್ಟಿಕೊಂಡಿದೆ ಎಂದ. ಎಲ್ಲಿ ಎಂದು ನೋಡಲು ಹೊರಗೆ ಹೊರಟ, ಮೆರವಣಿಗೆಯೂ ಹೊರಟಿತು, ಅವಳೂ ಹೊರಟಳು, ಮೇಡಂ ಪುಸ್ತಕ ಕಂಕುಳಲ್ಲಿಟ್ಟುಕೊಂಡು ಕೊನೆಯಲ್ಲಿ ಬಂದರು. ಪೈಪು ತಿರುಗುವ ಜಾಗದಲ್ಲಿ ಹಾಕುವ ತುಂಡು ಮೊಣಕೈ ಎಂದು ಅವನು ಹೇಳಿದ್ದೇ ತಡ, ಮಕ್ಕಳೆಲ್ಲ ತಮ್ಮ ತಮ್ಮ ಮೊಣಕೈ ಮಡಚಿ ನೋಡಿಕೊಂಡರು. ಪುಟ್ಟಜ್ಜಿ ಕೈ ಬೆನ್ನ ಹಿಂದೆ ಕಟ್ಟಿ, ಟ್ಯಾಂಕಿನಿಂದ ಶುರುಮಾಡಿ ಎಣಿಸುತ್ತ ನಡೆದಳು. ಟ್ಯಾಂಕಿನ ಬಾಯಲ್ಲಿ ಒಂದು. ಸೂರಿನ ಕೆಳಗೆ ಎರಡು. ಗೋಡೆಗೆ ನುಗ್ಗುವಲ್ಲಿ ಮೂರು. ಅಲ್ಲಿಂದ ಪೈಪು ಕಾಣುವುದಿಲ್ಲ. ಪುಟ್ಟಜ್ಜಿ ಬಾಗಿಲು ದಾಟಿ ಒಳಗೆ ಬಂದು, ಬೇಸಿನ್ನಿನ ಕೆಳಗೆ ಗಾರೆಯಿಂದ ಅರ್ಧ ಹೊರಬಂದಿದ್ದ ಮೊಣಕೈಯನ್ನು ಬೆರಳಿಂದ ಮುಟ್ಟಿದಳು. “ಐದು.”

ನಾಲ್ಕು. ಗಣಿತದ ಟೀಚರ ನಾಲಗೆಯ ತುದಿಗೆ ಬಂದಿತ್ತು ಅದು. ನಾಲ್ಕು ಬಿಟ್ಟೆ ಕಣೇ, ಮೂರಾದ ಮೇಲೆ ನಾಲ್ಕು, ಇನ್ನೊಂದು ಸಲ ಹೇಳು. ಇಪ್ಪತ್ತಾರು ವರ್ಷದ ಅಭ್ಯಾಸ, ತಪ್ಪು ಗಾಳಿಯಲ್ಲಿರುವಾಗಲೇ ಹಿಡಿದು ಸರಿಮಾಡುವುದು. ಆದರೆ ಈಗಷ್ಟೇ ಹನ್ನೊಂದು ದಿನದ ಕಥೆ ಕೇಳಿದ್ದವಳ ಬಾಯಿ ಒಂದು ಗಳಿಗೆ ತಡಮಾಡಿತು. ಆ ಒಂದು ಗಳಿಗೆಯಲ್ಲಿ ಲಾಯರ್ ಮುಂದೆ ಬಂದ.

“ನಾಲ್ಕು ಬಿಟ್ಟೆ! ನಾಲ್ಕು ಎಲ್ಲಿ?”

“ಬಿಟ್ಟಿಲ್ಲ,” ಎಂದಳು ಪುಟ್ಟಜ್ಜಿ. ದನಿಯಲ್ಲಿ ಇಷ್ಟೂ ಅಳುಕಿಲ್ಲ. “ನಾಲ್ಕು ಗೋಡೆ ಒಳಗಿದೆ. ಪೈಪು ಅಲ್ಲಿ ಒಳಗೆ ಹೋಯ್ತು. ಇಲ್ಲಿ ಆಚೆ ಬಂತು. ಒಳಗೆ ಒಂದು ಸಲ ಮೊಣಕೈ ಮಡಚದೆ ಇದ್ರೆ ಹೆಂಗೆ ಬರುತ್ತೆ?”

ರಿಪೇರಿಯವನು ಹೊರಗಿನ ಮೂರನೆಯ ಮೊಣಕೈ ನೋಡಿದ, ಒಳಗಿನದನ್ನು ನೋಡಿದ, ನಡುವಿನ ಗೋಡೆಗೆ ಸ್ಪ್ಯಾನರಿನಿಂದ ಟಕ್ ಟಕ್ ಎಂದು ಬಡಿಯುತ್ತ ಬಂದು ಒಂದು ಕಡೆ ನಿಂತ. “ನಾಲ್ಕು ಇಲ್ಲೇ ಇದೆ ಅಜ್ಜಮ್ಮ,” ಎಂದ, “ಕಟ್ಟಿಕೊಂಡಿರೋದೂ ಇಲ್ಲೇ.” ಹೊರಗಿನ ಜಾಯಿಂಟ್ ಬಿಚ್ಚಿ, ತಂತಿ ತೂರಿಸಿ, ನಾಲ್ಕು ಸಲ ಎಳೆದು ನೂಕಿದ ಮೇಲೆ ತುಕ್ಕು ಮತ್ತು ಮರಳಿನ ಒಂದು ಉಂಡೆ ಪಚಕ್ಕನೆ ನೆಲಕ್ಕೆ ಬಿತ್ತು. ಮಕ್ಕಳು ಅದಕ್ಕೂ ಚಪ್ಪಾಳೆ ತಟ್ಟಿದರು. ಮತ್ತೆ ಎಲ್ಲ ಕೂಡಿಸಿ ನಲ್ಲಿ ತಿರುಗಿಸಿದಾಗ ಅದು ಕೊನೆಯ ಸಲ ಕೆಮ್ಮಿತು, ಕಂದು ನೀರು ಉಗುಳಿತು, ಆಮೇಲೆ ಭರ್ರನೆ ತಿಳಿನೀರು ಬಂತು. ಹದಿನೆಂಟು ಗಂಟಲು ಒಟ್ಟಿಗೆ ಕಿರುಚಿದವು, ಜೊತೆಗೂಡಿದ ಹತ್ತೊಂಬತ್ತನೆಯದು ತನ್ನದೇ ಎಂದು ಅವಳಿಗೆ ಗೊತ್ತಾದದ್ದು ಕಿರುಚಿಯಾದ ಮೇಲೆ.

ಊಟ ಮುಗಿದು ಮಕ್ಕಳು ಚಾಪೆಯ ಮೇಲೆ ಮಲಗಿದಾಗ ಮೇಡಂ ಇನ್ನೊಂದು ಕೆಂಪು ಕುರ್ಚಿ ಎಳೆದು ಅವಳನ್ನು ಕೂರಿಸಿಕೊಂಡರು. ಇಬ್ಬರ ಮೊಣಕಾಲೂ ಗಲ್ಲದ ಹತ್ತಿರ. ಪುಸ್ತಕವನ್ನು ಬುಧವಾರಕ್ಕೆ ತೆರೆದು, ನಾಲ್ಕನೆಯ ಅಂಕಣವನ್ನು ಪಿಸುದನಿಯಲ್ಲಿ ಓದಿದರು. “ಲಾಯರ್ ಬಹಳ ಸಂತೋಷದಿಂದ ಹತ್ತು ಎಲೆಗಳನ್ನು ಎಣಿಸಿದನು. ಪುಟ್ಟಜ್ಜಿಯು ಬಣ್ಣಗಳನ್ನು ಗುರುತಿಸಿದಳು.” ತಲೆ ಎತ್ತಿದರು. “ಟೀಚರ್, ಇವತ್ತು ಸೋಮವಾರ.”

ಅವಳಿಗೆ ಅರ್ಥವಾಗಲು ಎರಡು ಉಸಿರು ಬೇಕಾಯಿತು. ಅಂಕಣದ ತಲೆಬರಹವನ್ನು ಮೊದಲ ಸಲವೆಂಬಂತೆ ಓದಿಕೊಂಡಳು. ಗಮನಿಸಿದ್ದು. ಆಮೇಲೆ ಕಿವಿಯವರೆಗೆ ಬಿಸಿಯೇರಿತು. ಗುರುವಾರದ ಮಗು ಗುರುವಾರ ಹೇಗಿರುತ್ತದೆಂದು ಭಾನುವಾರವೇ ಗಮನಿಸಿ, ಸ್ಕೇಲಿಟ್ಟು ಗೆರೆ ಬೇರೆ ಎಳೆದಿದ್ದಳು.

“ಕೂಸು ಹುಟ್ಟೋಕ್ ಮುಂಚೆ ಕುಲಾವಿ,” ಎಂದಳು ತಾನೇ. ಮೇಡಂ ತಡೆದುಕೊಂಡಿದ್ದ ನಗುವೆಲ್ಲ ಆಗ ಹೊರಬಂತು. ಮಲಗಿದ ಮಕ್ಕಳಿಗಾಗಿ ಇಬ್ಬರೂ ಸೆರಗು, ದುಪಟ್ಟಾ ಬಾಯಿಗೆ ಒತ್ತಿಕೊಂಡು ನಕ್ಕರು, ಆ ಪುಟ್ಟ ಕುರ್ಚಿಗಳು ಕಿರುಗುಟ್ಟಿದವು.

“ಇವತ್ತಿಂದು ಹೊಡೆದುಹಾಕಿ, ಕಂಡಿದ್ದು ಬರೀರಿ,” ಎಂದರು ಮೇಡಂ, ಪೆನ್ಸಿಲ್ ಕೊಟ್ಟು.

ಬರೆದಳು. ಕೆಮ್ಮಿನಿಂದ ಶುರುಮಾಡಿದಳು. ಗಂಟಲಿಲ್ಲದ ನಲ್ಲಿ, ಮಡಚಿದ ಹದಿನೆಂಟು ಮೊಣಕೈ, ಒಂದು ಎರಡು ಮೂರು ಐದು, ಗೋಡೆಯೊಳಗಿನ ನಾಲ್ಕು. ನಾನು ತಿದ್ದಲು ಹೋಗಿದ್ದೆ, ತಿದ್ದಲಿಲ್ಲ ಎಂದೂ ಬರೆದಳು. ಅಂಕಣ ಸಾಲದೆ ಅಕ್ಷರ ಗೆರೆ ದಾಟಿ ಮಾರ್ಜಿನ್ನಿಗೆ ಹೋಯಿತು, ಪುಟ ತಿರುವಿ ಹಿಂಬದಿಗೂ ಹೋಯಿತು. ದುಂಡು ಅಕ್ಷರ ಎಲ್ಲೋ ಕೈಬಿಟ್ಟಿತ್ತು. ಮೇಡಂ ಓದಿ, ಕೆಳಗೆ ಸಹಿ ಹಾಕಿದರು. ಆಮೇಲೆ, “ಮಿಕ್ಕ ನಾಲ್ಕು ದಿನದ್ದು ಹರಿದು ನನಗೆ ಕೊಡಿ. ಮುಂದಿನ ವರ್ಷದವರಿಗೆ ತೋರಿಸ್ತೀನಿ. ಹೆಸರು ಹೇಳಲ್ಲ,” ಎಂದರು.

“ಹಾಗಾದ್ರೆ ನಾಳೆಗೆ ಏನು ಬರೀಲಿ ಮೇಡಂ?”

“ಮಕ್ಕಳು ಇವತ್ತು ಏನು ನೋಡ್ತಿದ್ರು ಅಂತ ನೋಡಿ. ನಾಳೇದು ಅಲ್ಲಿಂದ ಶುರು.” ಚೀಲ ಹೆಗಲಿಗೇರಿಸಿ ಬಾಗಿಲವರೆಗೆ ಹೋದವರು ತಿರುಗಿದರು. “ನಾಲ್ಕನೇ ಅಂಕಣ ಮಾತ್ರ ದಮ್ಮಯ್ಯ ಖಾಲಿ ಬಿಡಿ.”

ಅವರು ಹೋದ ಮೇಲೆ ಅವಳು ಸಹಿಯನ್ನು ಮೂರು ಸಲ ನೋಡಿದಳು. ಸಂತೋಷವೆಂದರೆ ಸಂತೋಷ, ಕೂರಲಾಗದಂಥದ್ದು. ಕೋಣೆ ತನ್ನದು, ಬಿಸಿಲು ತನ್ನದು, ಚಾಪೆಯ ಮೇಲಿನ ಈ ಹದಿನೆಂಟು ಗೊರಕೆಗಳೂ ತನ್ನವೇ. ಪೆನ್ಸಿಲ್ ಹಿಡಿದು, ಮಂಗಳವಾರ ಎಂದು ಬರೆದು, ಮುಂದೆ ಹೊಳೆಯದೆ ಎದ್ದು ಹೊರಗೆ ಬಂದಳು. ಬಾಗಿಲಿನ ಪಕ್ಕ ಗೋಡೆಗೆ ಬೆನ್ನು ಕೊಟ್ಟು ನಿಂತಳು. ಶಿಕ್ಷೆಗೆ ನಿಲ್ಲಿಸಿದವರು ನಿಲ್ಲುವ ಜಾಗ ಎಲ್ಲ ಶಾಲೆಗಳಲ್ಲೂ ಅದೇ, ಅವಳು ಎಷ್ಟೋ ಜನರನ್ನು ಅಲ್ಲಿಗೆ ಕಳಿಸಿದ್ದಳು, ಒಮ್ಮೆಯೂ ತಾನು ಬಂದು ನಿಂತಿರಲಿಲ್ಲ. ಅಲ್ಲಿಂದ ಟ್ಯಾಂಕು ಕಾಣುತ್ತಿತ್ತು, ಮೂರು ಮೊಣಕೈಗಳು ಕಾಣುತ್ತಿದ್ದವು, ಬಿಚ್ಚಿ ಕೂಡಿಸಿದ ಜಾಗದಿಂದ ಒಂದು ಹನಿ ಇಳಿದು ಮಣ್ಣಿನಲ್ಲಿ ಸಣ್ಣ ಗುಳಿ ಮಾಡಿತ್ತು, ಗುಳಿಯ ಸುತ್ತ ಇರುವೆಗಳು ದಾರಿ ಬದಲಿಸಿಕೊಂಡು ಹೋಗುತ್ತಿದ್ದವು. ಎಷ್ಟೊಂದು ಇದೆ ಇಲ್ಲಿ ಎಂದುಕೊಂಡಳು. ಮಂಗಳವಾರಕ್ಕೆ ಸಾಕಾಗಿ ಮಿಗುವಷ್ಟಿತ್ತು.

ಹೊಸ್ತಿಲಲ್ಲಿ ಸದ್ದಾಯಿತು. ಪುಟ್ಟಜ್ಜಿ, ಕೆನ್ನೆಯ ಮೇಲೆ ಚಾಪೆಯ ಗೆರೆ, ಕಣ್ಣು ಇನ್ನೂ ಅರ್ಧ ನಿದ್ದೆಯಲ್ಲಿ. ಅವಳನ್ನು, ಅವಳು ನಿಂತ ಜಾಗವನ್ನು ಕೆಳಗಿನಿಂದ ಮೇಲಿನವರೆಗೆ ತನಿಖೆ ಮಾಡಿದಳು.

“ಟೀಚರ್, ನಿಮ್ಮನ್ನ ಯಾರು ಆಚೆ ನಿಲ್ಲಿಸಿದ್ದು?”

“ನಾನೇ ನಿಂತ್ಕೊಂಡೆ.”

ಪುಟ್ಟಜ್ಜಿ ಬಂದು ಪಕ್ಕದಲ್ಲಿ ಗೋಡೆಗೆ ಒರಗಿ, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು. “ಮೊದಲ್ನೇ ದಿನ ಮಾತ್ರ ಅಳು ಬರುತ್ತೆ,” ಎಂದಳು.